ಮಳೆಗಾಲದಲ್ಲಿ ನಿಂತುಹೋಗುವ ಮೀಟರ್‌ಗೇಜ್ ಮಾದರಿ ರೈಲು: ದೋಷ ಹುಡುಕುವ ಕ್ರಮ

ಹಾಸನದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಮೂರು ಗೋಡೆಗಳಿಗೆ ಒತ್ತಿಕೊಂಡು ಸಾಗುವ ಹಲಗೆಗಳ ಮೇಲೆ, ಹಳೆಯ ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಮಾರ್ಗದ ಒಂದು ತುಂಡು ಇದೆ. ಹೊಳೆನರಸೀಪುರದಿಂದ ಹೊರಟು ಮಾವಿನಕೆರೆಯನ್ನು ದಾಟಿ ಹಾಸನಕ್ಕೆ ಬಂದು ಸೇರುವ ಈ ಮಾದರಿ ಮಾರ್ಗದಲ್ಲಿ ವೈಪಿ ಮತ್ತು ವೈಜಿ ಎಂಬ ಎರಡು ಬಗೆಯ ಒಂದೊಂದು ಉಗಿ ಎಂಜಿನ್, ಮತ್ತು ಸಕಲೇಶಪುರದ ಘಟ್ಟದ ನೆನಪಿಗೆಂದು ಮಾಡಿಕೊಂಡ ಒಂದು ವೈಡಿಎಂ-4 ಡೀಸೆಲ್ ಓಡುತ್ತವೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ತಕರಾರಿಲ್ಲದೆ ಓಡುವ ಇವು, ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಎಲ್ಲಾದರೂ ಒಂದು ಕಡೆ ನಿಲ್ಲಲು ಆರಂಭಿಸುತ್ತವೆ. ಆ ನಿಲುಗಡೆಯ ಕಾರಣವನ್ನು ಎಂಜಿನ್ನಿನ ಒಳಗೇ ಹುಡುಕುತ್ತ ನಾನು ಹಲವು ಮಳೆಗಾಲಗಳನ್ನು ಕಳೆದಿದ್ದೇನೆ, ಒಂದೆರಡು ಒಳ್ಳೆಯ ಎಂಜಿನ್‌ಗಳನ್ನು ಬಿಚ್ಚಿ ಬಿಚ್ಚಿ ಸಡಿಲ ಮಾಡಿಯೂ ಇದ್ದೇನೆ. ಆದ್ದರಿಂದ ಈ ಕೈಪಿಡಿಯಲ್ಲಿ ಎಂಜಿನ್ನಿನ ಸ್ಕ್ರೂ ಬಿಚ್ಚುವ ಮಾತು ಬಹಳ ತಡವಾಗಿ ಬರುತ್ತದೆ.

ಮೊದಲು ನಮ್ಮ ಮಾದರಿಗಳ ಸ್ವರೂಪವನ್ನು ತಿಳಿದಿರಬೇಕು. ಉಗಿ, ಡೀಸೆಲ್ ಎಂಬುದು ಹೊರರೂಪಕ್ಕೆ ಮಾತ್ರ. ಎಲ್ಲವೂ ಓಡುವುದು ಒಳಗಿನ ಪುಟ್ಟ ಮೋಟಾರಿನಿಂದ, ಅದಕ್ಕೆ ವಿದ್ಯುತ್ತು ಬರುವುದು ಎರಡು ಹಳಿಗಳ ಮೂಲಕ, ಆ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ಬದಲಿಸುವ ಪೆಟ್ಟಿಗೆಯೇ ಕಂಟ್ರೋಲರ್. ಭಾರತದ ಮೀಟರ್‌ಗೇಜ್ ಎಂಜಿನ್‌ಗಳ ಸಿದ್ಧ ಮಾದರಿ ಸಿಗುವುದು ಅಪರೂಪವಾದ್ದರಿಂದ, ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಮಾದರಿಗಳಿಗೆ ಬಳಸುವ ಮೋಟಾರು ಮತ್ತು ಚಾಸಿಯನ್ನು (ಮೋಟಾರು, ಗಾಲಿಗಳು ಕೂರುವ ತಳದ ಚೌಕಟ್ಟನ್ನು) ಕೊಂಡು, ಅದರ ಮೇಲೆ ಹಿತ್ತಾಳೆಯ ತಗಡಿನಲ್ಲೋ ಪ್ಲಾಸ್ಟಿಕ್ ಹಾಳೆಯಲ್ಲೋ ನಮ್ಮ ಎಂಜಿನ್ನಿನ ಒಡಲನ್ನು ಕಟ್ಟುವುದು ರೂಢಿ. 1:87 ಪ್ರಮಾಣದಲ್ಲಿ ಎರಡು ಹಳಿಗಳ ನಡುವಿನ 1000 ಮಿಲಿಮೀಟರ್ ಅಂತರ 11.5 ಮಿಲಿಮೀಟರಿಗೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಹಳಿಯಲ್ಲಿ ಆ ಅಂತರ 12 ಮಿಲಿಮೀಟರ್. ಈ ವ್ಯತ್ಯಾಸ ಕಣ್ಣಿಗೆ ಬೀಳುವಂಥದಲ್ಲ. ಆದರೆ ಚಾಸಿ ಒಂದು ದೇಶದ್ದು, ಒಡಲು ನಮ್ಮ ಕೈಯದ್ದು, ಗಾಲಿ ಇನ್ನೆಲ್ಲಿಯದೋ ಆಗಿರುವಾಗ, ದೋಷವೂ ಈ ಮೂರರ ಸಂಧಿಯಲ್ಲಿ ಹುಟ್ಟುತ್ತದೆ ಎಂಬುದನ್ನು ಮರೆಯಬಾರದು.

ರೈಲು ನಿಂತಾಗ ಮೊದಲು ನೋಡಬೇಕಾದ್ದು

ರೈಲು ನಿಂತ ಕೂಡಲೇ ಬೆರಳಿನಿಂದ ತಳ್ಳುವುದು ಎಲ್ಲರಿಗೂ ಬಂದಿರುವ ಅಭ್ಯಾಸ. ದಯವಿಟ್ಟು ತಳ್ಳಬೇಡಿ, ಏಕೆಂದರೆ ತಳ್ಳಿದ ಕ್ಷಣದಲ್ಲೇ ಸಾಕ್ಷ್ಯ ಅಳಿಸಿಹೋಗುತ್ತದೆ. ಕೈ ಹಿಂದಿಟ್ಟುಕೊಂಡು, ಎಂಜಿನ್ನಿನ ಹೆಡ್‌ಲೈಟನ್ನೂ ಗಾಲಿಗಳನ್ನೂ ಒಟ್ಟಿಗೆ ನೋಡಿ. ಗಾಲಿಗಳು ತಿರುಗುತ್ತಲೇ ಇದ್ದು ರೈಲು ಮಾತ್ರ ಮುಂದೆ ಹೋಗದಿದ್ದರೆ ಅದು ಹಿಡಿತದ ತೊಂದರೆ: ಹಳಿಯ ಮೇಲೆ ಎಣ್ಣೆ ಇದೆ, ಏರು ಹೆಚ್ಚಾಗಿದೆ ಅಥವಾ ಎಂಜಿನ್ ಹಗುರವಾಗಿದೆ. ಗಾಲಿಗಳು ನಿಂತು ದೀಪವೂ ಮಂಕಾಗಿದ್ದರೆ ವಿದ್ಯುತ್ತು ಎಂಜಿನ್ನಿನವರೆಗೆ ತಲುಪುತ್ತಿಲ್ಲ. ಗಾಲಿಗಳು ನಿಂತಿದ್ದು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿದ್ದರೆ ಮೋಟಾರಿನಲ್ಲೋ ಗೇರಿನಲ್ಲೋ ಏನೋ ಸಿಕ್ಕಿಕೊಂಡಿದೆ ಎಂದರ್ಥ, ಆಗ ತಕ್ಷಣ ಕಂಟ್ರೋಲರನ್ನು ಸೊನ್ನೆಗೆ ತರಬೇಕು. ತಿರುಗಲಾಗದ ಮೋಟಾರಿಗೆ ವಿದ್ಯುತ್ತು ಹರಿಯುತ್ತಿದ್ದರೆ ಅದರ ಸುರುಳಿ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು.

ಇದಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ದೋಷ ಜಾಗಕ್ಕೆ ಅಂಟಿಕೊಂಡಿದೆಯೋ, ಎಂಜಿನ್ನಿಗೆ ಅಂಟಿಕೊಂಡಿದೆಯೋ? ಅದೇ ಜಾಗದಲ್ಲಿ ಇನ್ನೊಂದು ಎಂಜಿನ್ನನ್ನು ಅದೇ ವೇಗದಲ್ಲಿ, ಅಷ್ಟೇ ಬೋಗಿಗಳನ್ನು ಎಳೆಸಿಕೊಂಡು ಓಡಿಸಿ ನೋಡಬೇಕು. ಬೋಗಿಗಳ ಮಾತನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ, ಅದನ್ನು ಮುಂದೆ ವಿವರಿಸುತ್ತೇನೆ.

ಮಾವಿನಕೆರೆಯ ಸಂಧಿ

ನನ್ನ ಮಾರ್ಗದಲ್ಲಿ ಮಾವಿನಕೆರೆ ನಿಲ್ದಾಣವನ್ನು ಬಿಟ್ಟು ಎರಡು ಗೇಣು ಮುಂದೆ, ಎರಡು ಹಲಗೆಗಳು ಕೂಡುವ ಜಾಗದಲ್ಲಿ, ವೈಪಿ ಎಂಜಿನ್ ಐದು ಬೋಗಿಗಳೊಂದಿಗೆ ಬಂದರೆ ನಿಲ್ಲುತ್ತಿತ್ತು. ಬೋಗಿಗಳನ್ನು ಕಳಚಿ ಎಂಜಿನ್ನೊಂದನ್ನೇ ಬಿಟ್ಟರೆ ದಾಟುತ್ತಿತ್ತು. ಇದರಿಂದ ನಾನು ಎಂಜಿನ್ನಿಗೆ ಎಳೆಯುವ ಶಕ್ತಿ ಸಾಲದೆಂದು ತೀರ್ಮಾನಿಸಿ, ಮೋಟಾರಿನ ಬ್ರಷ್‌ಗಳನ್ನು ಬದಲಿಸಿದೆ, ಬಾಯ್ಲರಿನ ಒಳಗೆ ಸೀಸದ ತುಂಡುಗಳನ್ನು ತುಂಬಿ ತೂಕ ಹೆಚ್ಚಿಸಿದೆ. ಫೆಬ್ರವರಿಯಲ್ಲಿ ದೋಷ ತಾನಾಗಿಯೇ ಮಾಯವಾದಾಗ ನನ್ನ ರಿಪೇರಿ ಫಲಿಸಿತೆಂದು ನಂಬಿದೆ. ಮತ್ತೆ ಜೂನ್ ಬಂತು, ರೈಲು ಅಲ್ಲಿಯೇ ನಿಂತಿತು.

ಮಲ್ಟಿಮೀಟರಿನಲ್ಲಿ ನೋಡಿದರೆ ಸಂಧಿಯ ಈಚೆಗೂ 12 ವೋಲ್ಟ್, ಆಚೆಗೂ 12 ವೋಲ್ಟ್. ಇಲ್ಲಿಯೇ ನನ್ನಂಥವರೆಲ್ಲ ದಾರಿ ತಪ್ಪುವುದು. ಮಲ್ಟಿಮೀಟರ್ ಸ್ವತಃ ಎಳೆದುಕೊಳ್ಳುವ ವಿದ್ಯುತ್ತು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಹಾಗಾಗಿ ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜನ್ನು ತೋರಿಸುತ್ತದೆ. ಕೆಟ್ಟ ಸಂಧಿ ತನ್ನ ಗುಣವನ್ನು ತೋರಿಸುವುದು ವಿದ್ಯುತ್ತು ನಿಜವಾಗಿ ಹರಿದಾಗ ಮಾತ್ರ. ಮೀಟರ್‌ಗೇಜ್ ಕಾಲದಲ್ಲಿ ಹಳಿ ಗ್ಯಾಂಗಿನಲ್ಲಿ ದುಡಿದಿದ್ದ ನನ್ನ ಸೋದರಮಾವ ಇದನ್ನು ಬೇರೆ ಮಾತಿನಲ್ಲಿ ಹೇಳಿದರು: “ಖಾಲಿ ಹಳಿ ನೋಡಿದ್ರೆ ಏನ್ ಗೊತ್ತಾಗುತ್ತೆ ಮಾರಾಯ, ಗಾಡಿ ಮೇಲೆ ಹೋಗೋವಾಗ ಸಂದು ನೋಡ್ಬೇಕು.”

ಆ ಮಾತಿನಂತೆ ನಾನು ಹಳಿಗೆ ಒಂದು ಹೊರೆಯನ್ನು ಕೊಟ್ಟೆ. ದ್ವಿಚಕ್ರ ವಾಹನದ ಹಿಂದೀಪಕ್ಕೆ ಹಾಕುವ 12 ವೋಲ್ಟ್ 5 ವಾಟಿನ ಬಲ್ಬು ಇದಕ್ಕೆ ಸರಿಯಾದ ಸಾಧನ. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಅಂದರೆ ಬೋಗಿಗಳನ್ನು ಎಳೆಯುವ ಒಂದು ಎಂಜಿನ್ ಎಳೆದುಕೊಳ್ಳುವ ಪ್ರಮಾಣಕ್ಕೆ ಹತ್ತಿರ. ಬಲ್ಬಿಗೆ ಎರಡು ತಂತಿಗಳನ್ನು ಬೆಸೆದು, ತುದಿಗಳಿಗೆ ಕ್ಲಿಪ್ ಹಾಕಿ, ಸಂಧಿಯ ಆಚೆಯ ಎರಡು ಹಳಿಗಳಿಗೆ ಕಚ್ಚಿಸಿ ಕಂಟ್ರೋಲರನ್ನು ಪೂರ್ತಿ ತಿರುಗಿಸಿದಾಗ ಸಂಧಿಯ ಈಚೆಗೆ 11.6 ವೋಲ್ಟ್ ಇದ್ದದ್ದು ಆಚೆಗೆ 9.4ಕ್ಕೆ ಇಳಿದಿತ್ತು. ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಎರಡೂ ಕಡ್ಡಿಗಳನ್ನು ಒಂದೇ ಹಳಿಯ ಮೇಲೆ, ಸಂಧಿಯ ಆಚೆಗೊಂದು ಈಚೆಗೊಂದು ಇಟ್ಟು ನೋಡಬೇಕು. ಒಳ್ಳೆಯ ಸಂಧಿಯಾದರೆ ಸೊನ್ನೆಗೆ ಹತ್ತಿರದ ಅಂಕಿ ಕಾಣುತ್ತದೆ. ಗೋಡೆಯ ಕಡೆಯ ಹಳಿಯಲ್ಲಿ 0.02 ಬಂತು, ಕೋಣೆಯ ಕಡೆಯ ಹಳಿಯಲ್ಲಿ 2.1 ಬಂತು. ಇಷ್ಟು ವರ್ಷ ಹುಡುಕುತ್ತಿದ್ದ ದೋಷ ಎರಡು ಹಳಿ ತುಂಡುಗಳನ್ನು ಕೂಡಿಸುವ, ಬೆರಳಿನ ಉಗುರಿನಷ್ಟು ಉದ್ದದ ಒಂದು ಲೋಹದ ಜಾಯಿನರಿನಲ್ಲಿ ಕುಳಿತಿತ್ತು.

ಪೂರ್ತಿ ವೇಗದಲ್ಲಿ 2 ವೋಲ್ಟ್ ಕಡಿಮೆಯಾದರೆ ರೈಲು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೆ. ಆದರೆ ಪ್ಯಾಸೆಂಜರ್ ಗಾಡಿಯ ಗತಿಯಲ್ಲಿ ನಿಲ್ದಾಣದಿಂದ ಹೊರಡಿಸುವಾಗ ಕಂಟ್ರೋಲರ್ ಕೊಡುವುದೇ 4 ಅಥವಾ 5 ವೋಲ್ಟ್, ಅದರಲ್ಲಿ 2 ಸಂಧಿಯಲ್ಲೇ ಕರಗಿದರೆ ಮೋಟಾರು ತಿರುಗುವುದಾದರೂ ಹೇಗೆ? ಎಂಜಿನ್ ಒಂದೇ ಬಂದಾಗ ಎಳೆದುಕೊಳ್ಳುವ ವಿದ್ಯುತ್ತು ಕಡಿಮೆ, ಆದ್ದರಿಂದ ಸಂಧಿಯಲ್ಲಿ ನಷ್ಟವೂ ಕಡಿಮೆ. ಬೋಗಿಗಳು ಸೇರಿದಾಗ ಎರಡೂ ಹೆಚ್ಚುತ್ತವೆ. ಎಂಜಿನ್ನಿನ ಬಲಹೀನತೆಯಂತೆ ಕಂಡದ್ದು ಹಳಿಯ ದೋಷವಾಗಿದ್ದದ್ದು ಹೀಗೆ.

ಜಾಯಿನರನ್ನು ಇಕ್ಕಳದಿಂದ ಎಳೆದು ತೆಗೆದಾಗ ಅದರ ಒಳಮೈ ಕಪ್ಪಾಗಿತ್ತು, ಅಂಚಿನಲ್ಲಿ ಹಾಲಿನ ಬಣ್ಣದ ತೆಳು ಪೊರೆ ಇತ್ತು. ಹಳಿಯ ಕೆಳಗೆ ಜಲ್ಲಿಯನ್ನು ಕೂರಿಸಲು ನಾನೇ ನೀರಿನಲ್ಲಿ ಕದಡಿ ಹಾಕಿದ್ದ ಮರದ ಬಿಳಿ ಅಂಟು ಸಂದಿನೊಳಕ್ಕೆ ಇಳಿದು ಒಣಗಿತ್ತು. ಬೇಸಿಗೆಯಲ್ಲಿ ಲೋಹದ ಒಂದು ಅಂಚು ಇನ್ನೊಂದನ್ನು ಹೇಗೋ ಮುಟ್ಟಿಕೊಂಡಿರುತ್ತಿತ್ತು. ಮಳೆಗಾಲದಲ್ಲಿ ಆ ಸ್ಪರ್ಶವೂ ತಪ್ಪುತ್ತಿದ್ದುದಕ್ಕೆ ಕಾರಣ ಕೆಳಗಿನ ಮರ. ಹಲಗೆಯ ತುದಿಗೆ ಹೊಡೆದಿದ್ದ ಅಡ್ಡಪಟ್ಟಿ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ್ದು. ಮರ ತೇವವನ್ನು ಹೀರಿದಾಗ ಎಳೆಯ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಎಳೆಗೆ ಅಡ್ಡಲಾಗಿ ಉಬ್ಬುವುದು ಹೆಚ್ಚು. ಪಟ್ಟಿಯ ಎಳೆ ಅಡ್ಡಕ್ಕೆ ಇದ್ದುದರಿಂದ ಅದರ ಉಬ್ಬು ಮೇಲ್ಮುಖವಾಗಿ, ಒಂದು ಹಲಗೆ ಇನ್ನೊಂದಕ್ಕಿಂತ ಕಾಗದದ ದಪ್ಪದಷ್ಟು ಮೇಲೇಳುತ್ತಿತ್ತು. ಉಕ್ಕಿನ ಅಳತೆಪಟ್ಟಿಯನ್ನು ಸಂಧಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದರೆ ಕೆಳಗೆ ಬೆಳಕು ತೂರುವುದರಿಂದ ಈ ಏರುಪೇರು ಸುಲಭವಾಗಿ ತಿಳಿಯುತ್ತದೆ.

ಪರಿಹಾರವಾಗಿ ಜಾಯಿನರನ್ನು ಬದಲಿಸಿದರಷ್ಟೇ ಸಾಲದು, ವಿದ್ಯುತ್ತನ್ನು ಸಾಗಿಸುವ ಹೊಣೆಯನ್ನೇ ಅದರಿಂದ ತೆಗೆಯಬೇಕು. ನಮ್ಮ ಹಳಿಗಳಿಗೆ ಬಳಸುವ ನಿಕಲ್ ಸಿಲ್ವರಿನಲ್ಲಿ ಹೆಸರಿನ ಹೊರತು ಬೆಳ್ಳಿ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ, ಅದರ ವಿದ್ಯುತ್ ರೋಧ ತಾಮ್ರಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಹಲಗೆಯ ಕೆಳಗೆ ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಜೋಡಿಯಾಗಿ ಉದ್ದಕ್ಕೂ ಎಳೆದು, ಪ್ರತಿಯೊಂದು ಹಳಿ ತುಂಡಿನಿಂದ ಒಂದೊಂದು ಸಣ್ಣ ತಂತಿಯನ್ನು ಅದಕ್ಕೆ ಇಳಿಸಬೇಕು. ಈ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 12 ಓಮ್, ಆದ್ದರಿಂದ 10 ಮೀಟರ್ ದೂರಕ್ಕೆ ಹೋಗಿ ಬರುವ 20 ಮೀಟರಿಗೆ ಕಾಲು ಓಮ್ ಕೂಡ ಆಗುವುದಿಲ್ಲ. ಬೆಸುಗೆಗೆ ರಾಳದ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ವಸ್ತು) ಬಳಸಿ. ತಗಡಿನ ಕೆಲಸದವರು ಬಳಸುವ ಆಮ್ಲದ ಫ್ಲಕ್ಸ್ ಬೆಸುಗೆಯನ್ನು ಬೇಗ ಹಿಡಿಸುತ್ತದೆ ನಿಜ, ಆದರೆ ಅದರ ಶೇಷ ಮಲೆನಾಡಿನ ಅಂಚಿನ ನಮ್ಮ ತೇವದ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ತಂತಿಯನ್ನು ಹಸಿರುಗಟ್ಟಿಸುತ್ತದೆ.

ಹಳಿಯ ಕೊಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಲಿ ಮತ್ತು ಹಳಿಯ ನಡುವೆ ಹುಟ್ಟುವ ಕಣ್ಣಿಗೆ ಕಾಣದ ಕಿಡಿಗಳಿಂದ ಕಪ್ಪು ಪದರ ಕೂರುತ್ತದೆ. ಹತ್ತಿಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕು. ಮರಳುಕಾಗದವನ್ನು ಮಾತ್ರ ಮುಟ್ಟಬಾರದು, ಅದು ಉಳಿಸುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಎಡ ತಿರುವಿನಲ್ಲಿ ಮಾತ್ರ ಶಾರ್ಟ್ ಆಗುವ ಎಂಜಿನ್

ಎರಡನೆಯ ಬಗೆಯ ದೋಷ ಮಳೆಗೆ ಸಂಬಂಧಿಸಿದ್ದಲ್ಲ, ಕೈಯಲ್ಲಿ ಕಟ್ಟಿದ ಎಂಜಿನ್‌ಗಳಿಗೆ ಮೀಸಲಾದದ್ದು. ವೈಪಿ ಎಂಜಿನ್ನಿನ ಗಾಲಿಗಳ ವಿನ್ಯಾಸ 4-6-2. ಮುಂದೆ ನಾಲ್ಕು ಸಣ್ಣ ಗಾಲಿಗಳ ಬೋಗಿ (ಇಲ್ಲಿ ಬೋಗಿ ಎಂದರೆ ಎಳೆಯುವ ಡಬ್ಬಿಯಲ್ಲ, ಎಂಜಿನ್ನಿನ ಕೆಳಗೆ ಗಾಲಿಗಳನ್ನು ಹೊತ್ತಿರುವ ಚೌಕಟ್ಟು), ನಡುವೆ ಆರು ಚಾಲಕ ಗಾಲಿಗಳು, ಹಿಂದೆ ಎರಡು ಗಾಲಿಗಳು. ಮುಂದಿನ ಬೋಗಿಯ ಎರಡು ಪಕ್ಕಗಳಲ್ಲಿ ಸಿಲಿಂಡರುಗಳು. ನಿಜವಾದ ಎಂಜಿನ್ ವಿಶಾಲವಾದ ತಿರುವುಗಳಲ್ಲಿ ಓಡುತ್ತದೆ, ನಮ್ಮ ಕೋಣೆಯಲ್ಲಿ ಅಂಥ ತಿರುವಿಗೆ ಜಾಗವಿಲ್ಲ. ಬಿಗಿಯಾದ ತಿರುವಿನಲ್ಲಿ ಈ ಮುಂಬೋಗಿ ಬಹಳ ಪಕ್ಕಕ್ಕೆ ಸರಿಯಬೇಕಾಗುತ್ತದೆ, ಸರಿದಾಗ ಗಾಲಿ ಸಿಲಿಂಡರಿನ ಒಳಮೈಯನ್ನು ತಾಗುತ್ತದೆ.

ನನ್ನ ಹಿತ್ತಾಳೆಯ ವೈಪಿಯಲ್ಲಿ ಎಂಜಿನ್ ಬಲಹಳಿಯಿಂದಲೂ ಟೆಂಡರ್ (ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ) ಎಡಹಳಿಯಿಂದಲೂ ವಿದ್ಯುತ್ತನ್ನು ಪಡೆಯುತ್ತವೆ. ಆದ್ದರಿಂದ ಎಂಜಿನ್ನಿನ ಇಡೀ ಒಡಲು ಬಲಹಳಿಗೆ ಸೇರಿದ್ದು. ಎಡಕ್ಕೆ ತಿರುಗುವಾಗ ಮುಂಬೋಗಿ ಎಡಕ್ಕೆ ಸರಿದು, ಎಡಹಳಿಯನ್ನು ಮುಟ್ಟಿರುವ ಗಾಲಿ ಎಡ ಸಿಲಿಂಡರನ್ನು ತಾಗಿದರೆ ಕಂಟ್ರೋಲರ್ ಒಡನೆಯೇ ಕಡಿದುಕೊಳ್ಳುತ್ತದೆ. ಬಲ ತಿರುವಿನಲ್ಲಿಯೂ ಗಾಲಿ ತಾಗುತ್ತದೆ, ಆದರೆ ಎರಡೂ ಒಂದೇ ಹಳಿಗೆ ಸೇರಿರುವುದರಿಂದ ಏನೂ ಆಗುವುದಿಲ್ಲ. ಹೀಗಾಗಿ ನೋಡುವವರಿಗೆ ಅದು ಆ ಒಂದು ತಿರುವಿನ ಹಳಿಯ ದೋಷವೆಂದೇ ತೋರುತ್ತದೆ.

ಪರೀಕ್ಷೆ ಸರಳವಾಗಿದೆ. ಎಂಜಿನ್ನನ್ನು ಎತ್ತಿ, ಮುಖ ಹಿಂದುಮುಂದಾಗಿ ಅದೇ ತಿರುವಿನ ಮೇಲೆ ಇಡಿ. ಎಂಜಿನ್ನಿನ ಪಾಲಿಗೆ ಅದು ಈಗ ಬಲ ತಿರುವು. ಶಾರ್ಟ್ ಆಗದಿದ್ದರೆ ಹಳಿ ನಿರ್ದೋಷಿ, ದೋಷ ಎಂಜಿನ್ನಿನದು. ಆಮೇಲೆ ಕೋಣೆಯ ದೀಪವನ್ನು ಆರಿಸಿ, ಎಂಜಿನ್ನನ್ನು ಮೊದಲಿನಂತೆ ಇಟ್ಟು ಬಹಳ ನಿಧಾನವಾಗಿ ತಿರುವಿಗೆ ತಂದರೆ, ಸಿಲಿಂಡರಿನ ಹಿಂದೆ ಸೂಜಿಮೊನೆಯಷ್ಟು ನೀಲಿ ಕಿಡಿ ಕಾಣುತ್ತದೆ. ತಿರುಗಿಸಿ ನೋಡಿದರೆ ಅಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಕಮಾನಿನಾಕಾರದಲ್ಲಿ ಹೊಳೆಯುತ್ತಿರುತ್ತದೆ. ಆ ಜಾಗವನ್ನು ಅರದಿಂದ ಸ್ವಲ್ಪ ತಗ್ಗಿಸಿ, 0.25 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಅಂಟಿಸಬೇಕು. ಉಗುರುಬಣ್ಣವನ್ನು ಎರಡು ಸಲ ಬಳಿದರೂ ಕೆಲಕಾಲ ನಡೆಯುತ್ತದೆ, ಆದರೆ ಗಾಲಿ ಉಜ್ಜುತ್ತ ಹೋದಂತೆ ಅದು ಸವೆಯುತ್ತದೆ, ಹಾಳೆಯೇ ಮೇಲು.

ಸದ್ದನ್ನು ಅಳೆಯುವುದು

ಓಡುವ ಎಂಜಿನ್ನಿನಿಂದ ಟಕ್ ಟಕ್ ಸದ್ದು ಬಂದರೆ, ಆ ಸದ್ದು ಎಷ್ಟು ದೂರಕ್ಕೊಮ್ಮೆ ಬರುತ್ತದೆ ಎಂಬುದನ್ನು ಅಳೆಯಬಹುದು. ನಿಜವಾದ ವೈಪಿಯ ಚಾಲಕ ಗಾಲಿಯ ವ್ಯಾಸ 1372 ಮಿಲಿಮೀಟರ್, ನಮ್ಮ ಪ್ರಮಾಣದಲ್ಲಿ ಅದು 15.8. ಅಂಥ ಗಾಲಿ ಒಂದು ಸುತ್ತು ತಿರುಗಿದರೆ ಎಂಜಿನ್ ಸುಮಾರು 5 ಸೆಂಟಿಮೀಟರ್ ಸಾಗುತ್ತದೆ. ವೈಜಿಯ ಗಾಲಿ 1219 ಮಿಲಿಮೀಟರ್, ಮಾದರಿಯಲ್ಲಿ 14, ಸುತ್ತಿಗೆ 4.4 ಸೆಂಟಿಮೀಟರ್. ಹಳಿಯ ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಟ್ಟು ತೆವಳುವ ವೇಗದಲ್ಲಿ ಓಡಿಸಿದಾಗ, ಸದ್ದು ಸರಿಯಾಗಿ ಗಾಲಿಯ ಸುತ್ತಿಗೊಮ್ಮೆ ಬಂದರೆ ಅಚ್ಚಿನ ಮೇಲಿರುವ ಪ್ಲಾಸ್ಟಿಕ್ ಗೇರು ಸೀಳಿದೆ, ಇಲ್ಲವೇ ಗಾಲಿಯ ಅಂಚಿಗೆ ಏನೋ ಮೆತ್ತಿಕೊಂಡಿದೆ. ಒಂದು ಸುತ್ತಿನಲ್ಲಿ ಹತ್ತಾರು ಸಲ ಬಂದರೆ ಮೋಟಾರಿನ ದಂಡದ ಕಡೆ ನೋಡಬೇಕು. ಎಂಜಿನ್ ಯಾವುದೇ ಆಗಿರಲಿ, ಸದ್ದು ಹಳಿಯ ಒಂದೇ ಜಾಗದಲ್ಲಿ ಬಂದರೆ ಮತ್ತೆ ಸಂಧಿಯನ್ನೇ ನೋಡಬೇಕು. ಸೀಳಿದ ಗೇರನ್ನು ಅಂಟಿಸಿ ಉಳಿಸಲು ಹೋಗಬಾರದು. ಅದು ಅಚ್ಚಿನ ಬಿಗಿಗೆ ಸೀಳಿರುವುದರಿಂದ ಅಂಟು ನಿಲ್ಲುವುದಿಲ್ಲ, ಹೊಸ ಗೇರೇ ಬೇಕು.

ಏರಿನಲ್ಲಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಹಾಸನ–ಮಂಗಳೂರು ಮಾರ್ಗ ಮೀಟರ್‌ಗೇಜಿನಲ್ಲಿ 1979ರಲ್ಲಿ ಪೂರ್ಣಗೊಂಡಾಗ ಇದ್ದ ಆ ಏರನ್ನು ಮಾದರಿಯಲ್ಲಿ ತರುವುದೆಂದರೆ ಪ್ರತಿ ಮೀಟರಿಗೆ 2 ಸೆಂಟಿಮೀಟರ್ ಎತ್ತರಿಸುವುದು. ಲೆಕ್ಕದಲ್ಲಿ ಇದು ದೊಡ್ಡ ಏರಲ್ಲ. ತೊಂದರೆ ಕೊಡುವುದು ಏರು ಆರಂಭವಾಗುವ ಜಾಗ. ಸಮತಲದಿಂದ ಏರಿಗೆ ಹಳಿ ಥಟ್ಟನೆ ಮುರಿದಂತೆ ತಿರುಗಿದರೆ, ವೈಡಿಎಂ-4ರ ಮೂರು ಅಚ್ಚುಗಳ ಬೋಗಿಯಲ್ಲಿ ಎರಡು ತುದಿಯ ಅಚ್ಚುಗಳು ಮಾತ್ರ ಹಳಿಯ ಮೇಲೆ ನಿಂತು ನಡುವಿನದು ಗಾಳಿಯಲ್ಲಿ ತೇಲುತ್ತದೆ. ಆಗ ಹಿಡಿತವೂ ತಪ್ಪುತ್ತದೆ, ವಿದ್ಯುತ್ ಸಂಪರ್ಕವೂ ತಪ್ಪುತ್ತದೆ. ಎಂಜಿನ್ನನ್ನು ಅಲ್ಲಿ ನಿಲ್ಲಿಸಿ, ನಡುಗಾಲಿಯ ಕೆಳಗೆ ಬೀಡಿ ಸುತ್ತುವ ಎಲೆಯಷ್ಟು ತೆಳುವಾದ ಕಾಗದವನ್ನು ತೂರಿಸಿ ಎಳೆಯಿರಿ. ಕಾಗದ ಸರಾಗವಾಗಿ ಬಂದರೆ ಕಾರಣ ಸಿಕ್ಕಿತು. ಏರಿನ ಬುಡದ ಅರ್ಧ ಮೀಟರಿನಲ್ಲಿ ಹಳಿಯ ಕೆಳಗೆ ರಟ್ಟಿನ ಪಟ್ಟಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತುಂಬಿ ಬಾಗನ್ನು ಸೌಮ್ಯಗೊಳಿಸಬೇಕು.

ಎಣ್ಣೆಯ ವಿಷಯದಲ್ಲಿ ಒಂದು ಅನುಭವ. ನಮ್ಮ ಬೀದಿಯ ಹುಡುಗನೊಬ್ಬ ಡಿಸೆಂಬರಿನ ಒಂದು ಬೆಳಿಗ್ಗೆ “ಅಂಕಲ್, ನಿನ್ನೆ ಮಧ್ಯಾಹ್ನ ಚೆನ್ನಾಗ್ ಓಡ್ತಿತ್ತು, ಈಗ ಗಾಲಿನೇ ಅಲ್ಲಾಡ್ತಿಲ್ಲ” ಎಂದು ತನ್ನ ಎಂಜಿನ್ನನ್ನು ತಂದ. ಗೇರಿಗೆ ಕೊಬ್ಬರಿ ಎಣ್ಣೆ ಹಾಕಿದ್ದ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಹಾಸನದ ಮಾಗಿಯ ಬೆಳಿಗ್ಗೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅಡುಗೆಯ ಯಾವ ಎಣ್ಣೆಯೂ ಕಾಲಕ್ರಮದಲ್ಲಿ ಜಿಗುಟಾಗುತ್ತದೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಮೊನೆಯಿಂದ ಒಂದು ಹನಿ ಮಾತ್ರ ಇಡಬೇಕು.

ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ರೈಲು ಓಡಿಸುವವರು, ಕಂಟ್ರೋಲರಿನ ಟ್ರಾನ್ಸ್‌ಫಾರ್ಮರ್ ಎಂದಿಗಿಂತ ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ಓಟವನ್ನು ನಿಲ್ಲಿಸಬೇಕು. ಚೌಕ ಅಲೆಯ ಇನ್ವರ್ಟರ್‌ಗಳಲ್ಲಿ ಅದು ಬಿಸಿಯಾಗುತ್ತದೆ. 230 ವೋಲ್ಟ್ ಒಳಬರುವ ಕಂಟ್ರೋಲರ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬಾರದು.

ಹಳೆಯ ಚಾಸಿಗಳ ಬಿರುಕು

ಇದಿಷ್ಟನ್ನೂ ನೋಡಿ, ಹಳಿ ಸರಿಯಿದ್ದು, ಗೇರು ಸರಿಯಿದ್ದು, ಎಣ್ಣೆ ಸರಿಯಿದ್ದು, ಎಂಜಿನ್ ಮಾತ್ರ ಬಿಗಿಯಾಗಿಯೇ ತಿರುಗುತ್ತಿದ್ದರೆ ಆಗ ಒಡಲನ್ನು ಬಿಚ್ಚಬೇಕು. ಎರಡನೆಯ ಕೈಯಿಂದ ಕೊಂಡ ಹಳೆಯ ಚಾಸಿಗಳಲ್ಲಿ ಸತುವಿನ ಎರಕಕ್ಕೆ ಸೀಸ ಅಥವಾ ತವರದ ಕಲಬೆರಕೆ ಸೇರಿದ್ದರೆ, ಲೋಹ ವರ್ಷಗಳ ನಂತರ ಒಳಗಿನಿಂದಲೇ ಉಬ್ಬಿ ಬಿರಿಯುತ್ತದೆ. ತೇವ ಮತ್ತು ಶಾಖ ಅದನ್ನು ಬೇಗ ಮಾಡುತ್ತವೆ. ಮೇಲ್ಮೈಯಲ್ಲಿ ಕೆರೆಯ ಒಣಗಿದ ಮಣ್ಣಿನಂಥ ಸಣ್ಣ ಬಿರುಕುಗಳು, ಸ್ವಲ್ಪ ಬಾಗಿದ ಚೌಕಟ್ಟು, ತನ್ನ ಕುಳಿಯಲ್ಲಿ ಬಿಗಿಯಾಗಿ ಸಿಕ್ಕಿದ ಅಚ್ಚು ಇದರ ಗುರುತುಗಳು. ವರ್ನಿಯರ್ ಕ್ಯಾಲಿಪರಿನಿಂದ ಚೌಕಟ್ಟಿನ ಎರಡು ಪಕ್ಕಗಳ ಉದ್ದವನ್ನು ಅಳೆದರೆ, ಸಮವಾಗಿರಬೇಕಾದ ಅಂಕಿಗಳು ಬೇರೆಬೇರೆ ಬರುತ್ತವೆ.

ಈ ದೋಷಕ್ಕೆ ರಿಪೇರಿ ಇಲ್ಲ. ಅಂಟಾಗಲಿ ಬಣ್ಣವಾಗಲಿ ಅದನ್ನು ತಡೆಯುವುದಿಲ್ಲ. ಇದು ಒಂದು ಚಾಸಿಯಿಂದ ಇನ್ನೊಂದಕ್ಕೆ ಹರಡುವ ರೋಗವಲ್ಲವಾದ್ದರಿಂದ ಪಕ್ಕದ ಎಂಜಿನ್‌ಗಳಿಗೆ ಹೆದರಬೇಕಾಗಿಲ್ಲ. ಚೌಕಟ್ಟು ಪೂರ್ತಿ ಪುಡಿಯಾಗುವ ಮೊದಲು ಮೋಟಾರು, ಗಾಲಿಗಳು ಮತ್ತು ಗೇರುಗಳನ್ನು ಬಿಡಿಸಿಕೊಳ್ಳಿ, ಅಚ್ಚುಗಳ ನಡುವಿನ ದೂರವನ್ನು ಚಾಲಕ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕೂಡುದಂಡಗಳ ತೂತುಗಳಿಂದ ಅಳೆದು ಕಾಗದದಲ್ಲಿ ಬರೆದಿಡಿ. ಚೌಕಟ್ಟಿನಿಂದ ಅಳೆದರೆ ಉಬ್ಬಿದ ಅಳತೆ ಬರುತ್ತದೆ, ದಂಡಗಳು ಮಾತ್ರ ಮೊದಲಿನ ಅಳತೆಯನ್ನು ಉಳಿಸಿಕೊಂಡಿರುತ್ತವೆ. ಆ ಅಳತೆಗೆ 1.5 ಮಿಲಿಮೀಟರಿನ ಹಿತ್ತಾಳೆ ಪಟ್ಟಿಯಲ್ಲಿ ಹೊಸ ಚೌಕಟ್ಟನ್ನು ಕೊರೆದರೆ, ನಾವು ಕಟ್ಟಿದ ವೈಪಿಯ ಒಡಲು ಅದರ ಮೇಲೆ ಮತ್ತೆ ಕೂರುತ್ತದೆ.